ಚೀಟಿಯಲ್ಲಿ ಬರೆದ ಎರಡು

ನನಗೆ ಬೀಡಿಯ ವಾಸನೆ ಇಷ್ಟ. ಇದನ್ನು ಡೈರಿಯಲ್ಲಿ ಒಮ್ಮೆ ಬರೆದು, ಮರುದಿನ ನಾಚಿಕೆಯಾಗಿ, ಆ ಪುಟಕ್ಕೆ ಮುಂದಿನ ಪುಟವನ್ನು ಅಂಟು ಹಚ್ಚಿ ಮುಚ್ಚಿಬಿಟ್ಟಿದ್ದೇನೆ. ಸುಟ್ಟ ಎಲೆ, ಬೆವರು, ಒಂದಿಷ್ಟು ಧೂಳು ಸೇರಿದ ಆ ವಾಸನೆ ಪಕ್ಕದಲ್ಲಿ ಹಾದು ಹೋದರೆ ನನ್ನ ಮೂಗು ತಾನಾಗಿ ಅದರ ಹಿಂದೆ ಒಂದು ಹೆಜ್ಜೆ ಹೋಗುತ್ತದೆ. ಬೇರೆಯವರಿಗೆ ಇದು ಚಿಂತೆ ಮಾಡುವಂಥ ವಿಷಯವೇ ಅಲ್ಲ. ನನಗೆ ಚಿಂತೆ. ಏಕೆಂದರೆ ಜನರ ಬೀಡಿ ಬಿಡಿಸುವುದೇ ನನ್ನ ಕೆಲಸ.

ಆಂಧ್ರದ ಗಡಿಯಲ್ಲಿರುವ ಮಡಕಶಿರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ, ಎಮರ್ಜೆನ್ಸಿ ವಾರ್ಡಿನಲ್ಲಿ, ಒಂದು ವರ್ಷದ ಪ್ರಾಜೆಕ್ಟು. ಎದೆನೋವು, ಉಬ್ಬಸ, ಬೈಕಿನಿಂದ ಬಿದ್ದದ್ದು, ಹಾವು ಕಚ್ಚಿದ್ದು, ಯಾವುದಕ್ಕೇ ಬಂದಿರಲಿ, ಜೀವಕ್ಕೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ರೋಗಿ ಸೇದುವವನಾಗಿದ್ದರೆ ನಾನು ಹೋಗಿ ಮಂಚದ ಪಕ್ಕ ಕೂರಬೇಕು. ಹದಿನೈದು ನಿಮಿಷ ಮಾತಾಡಬೇಕು. ಬೀಡಿಯ ಆಸೆಯಾದಾಗ ಅಗಿಯುವುದಕ್ಕೆ ಒಂದು ಥರದ ಗಮ್ಮಿನ ಪೊಟ್ಟಣ ಕೊಡಬೇಕು. ಸಣ್ಣದೊಂದು ಮೆಷಿನ್ನಿಗೆ ಊದಿಸಬೇಕು. ಉಸಿರಿನಲ್ಲಿ ಹೊಗೆ ಎಷ್ಟಿದೆ ಎಂದು ಅದು ನಂಬರಿನಲ್ಲಿ ತೋರಿಸುತ್ತದೆ. ಆಮೇಲೆ ವಾರಕ್ಕೆ, ತಿಂಗಳಿಗೆ ಫೋನು. ಮೂರನೇ ತಿಂಗಳು ಕರೆಸಿ ಮತ್ತೆ ಊದಿಸುವುದು. ಆರನೇ ತಿಂಗಳು ಕೊನೆಯ ಸಲ.

"ಹೆದರಿದ ಮನುಷ್ಯನ ಕಿವಿ ತೆರೆದಿರ್ತದೆ ರೇಖಾ," ಎಂದು ಪ್ರಾಜೆಕ್ಟಿನ ವಾಗೀಶ್ ಸರ್ ಅನಂತಪುರದ ಟ್ರೈನಿಂಗಿನಲ್ಲಿ ಹೇಳಿದ್ದರು. "ಅದು ಮುಚ್ಚೋದ್ರೊಳಗೆ ನಾವು ಒಳಗೆ ಹೋಗ್ಬೇಕು."

ಒಳಗೆ ಹೋಗುವುದಕ್ಕೆ ನನ್ನ ದನಿ ಸಾಲದು. ನಾನು ರಾಯದುರ್ಗದವಳು, ಬಿ.ಎಸ್ಸಿ. ಮುಗಿಸಿದ್ದೇನೆ, ಆದರೂ ಅಂಗಡಿಯಲ್ಲಿ ನಿಂತು ಏನಾದರೂ ಕೇಳಿದರೆ ನನ್ನ ಹಿಂದೆ ನಿಂತವರಿಗೆ ಮೊದಲು ಸಿಗುತ್ತದೆ. ವಾರ್ಡಿನ ಹಿರಿಯ ನರ್ಸ್ ಮೀನಾಕ್ಷಕ್ಕ ಮೊದಲ ವಾರವೇ ಇದನ್ನು ಕಂಡುಹಿಡಿದರು. "ಏನೇ, ಪೇಷೆಂಟ್ ಕಿವೀಲಿ ಮಂತ್ರ ಊದ್ತಿದೀಯಾ? ಗಟ್ಟಿಯಾಗಿ ಹೇಳು. ಪಕ್ಕದ ಮಂಚದೋನೂ ಬಿಟ್ರೆ ನಿಂಗೇ ಪುಣ್ಯ."

ದೀಪಾವಳಿ ಕಳೆದ ಮರುವಾರ ಸಣ್ಣತಿಮ್ಮಪ್ಪನವರನ್ನು ಒಂದು ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಬಂದರು. ರೊಳ್ಳದ ಹತ್ತಿರದವರು, ಐವತ್ತೆರಡು ವರ್ಷ, ಕಡ್ಲೇಕಾಯಿ ಮಿಲ್ಲಿನಲ್ಲಿ ಹಮಾಲಿ. ಮೂಟೆ ಹೊತ್ತುಕೊಂಡೇ ಎದೆ ಹಿಡಿದು ಕೂತುಬಿಟ್ಟಿದ್ದರಂತೆ. ಜೊತೆಗೆ ಹೆಂಡತಿ ಓಬಕ್ಕ. ರೇಷ್ಮೆ ಸೊಪ್ಪು ಕೊಯ್ಯುತ್ತಿದ್ದವಳು ಹಾಗೇ ಓಡಿ ಬಂದಿದ್ದಳು. ಸೆರಗಿಗೆ ಎರಡು ಎಲೆ ಅಂಟಿಕೊಂಡಿದ್ದವು. ಸಂಜೆಯವರೆಗೂ ಅವನ್ನು ಅವಳು ನೋಡಿಕೊಳ್ಳಲಿಲ್ಲ.

ಇಂಜೆಕ್ಷನ್ನು, ಇಸಿಜಿ, ಆಕ್ಸಿಜನ್ನು ಎಲ್ಲ ಆಗಿ ಮರುದಿನ ಬೆಳಗ್ಗೆ ಅವರು ದಿಂಬಿಗೆ ಒರಗಿ ಕೂತಿದ್ದಾಗ ನಾನು ಹೋದೆ. ಹತ್ತಿರ ಹೋಗುತ್ತಿದ್ದಂತೆ ಆ ವಾಸನೆ ಬಂತು. ಆಸ್ಪತ್ರೆಯ ಫಿನಾಯಿಲನ್ನೂ ದಾಟಿ ಬಂತು.

"ಹೆಸರೇನ್ರಿ?" ಎಂದೆ.

"ಏನಂತೀಯವ್ವ?"

"ಹೆಸರ್ರಿ, ನಿಮ್ಮ ಹೆಸರು."

ಅವರು ಹೆಂಡತಿಯ ಕಡೆ ತಿರುಗಿದರು. "ಇವ್ಳು ಬಳ್ಳಾರಿ ಕಡೆಯೋಳು ಕಣೇ. ರೀ ರೀ ಅಂತಾಳೆ. ನಂಗೆ ಇಷ್ಟು ಮರ್ಯಾದೆ ನಮ್ಮ ಮದ್ವೇಲೂ ಸಿಕ್ಕಿರ್ಲಿಲ್ಲ."

"ಸುಮ್ಕಿರಿ. ನಿನ್ನೆ ಸತ್ತು ಬದುಕವ್ರೆ, ಇವತ್ತು ತಮಾಷೆ," ಎಂದಳು ಓಬಕ್ಕ. ಆದರೆ ನಕ್ಕಳು.

ಮೆಷಿನ್ ತೆಗೆದಾಗ ಅವರು ಕೈ ಅಡ್ಡ ಹಿಡಿದರು. ಎಲ್ಲರೂ ಹಾಗೇ ಮಾಡುತ್ತಾರೆ. ಪೊಲೀಸರು ರಸ್ತೆಯಲ್ಲಿ ಊದಿಸುವ ಮೆಷಿನ್ ಎಂದುಕೊಳ್ಳುತ್ತಾರೆ. "ನಾನು ಗಾಡಿ ಓಡ್ಸಲ್ಲ ತಾಯಿ. ಕುಡ್ದೂ ಇಲ್ಲ." ಇದು ಬೀಡಿಯದ್ದು ಎಂದು ತಿಳಿಸಿ, ಹೊಸ ರಟ್ಟಿನ ಕೊಳವೆ ಸಿಕ್ಕಿಸಿ, ಹದಿನೈದು ಎಣಿಸುವವರೆಗೆ ಉಸಿರು ಬಿಗಿಹಿಡಿಸಿ ಊದಿಸಿದೆ. ಇಪ್ಪತ್ತಮೂರು ಬಂತು.

"ಪಾಸಾ ಫೇಲಾ?"

"ಏಳಕ್ಕಿಂತ ಕಮ್ಮಿ ಬರಬೇಕ್ರಿ."

"ಅಂಗಾರೆ ಹುಟ್ಟಿದ್ಮೇಲೆ ಇದೊಂದ್ರಲ್ಲಿ ನಂಗೆ ಫಸ್ಟ್ ಕ್ಲಾಸು."

ದಿನಕ್ಕೆ ಎರಡು ಕಟ್ಟು ಬೀಡಿ. ಹನ್ನೆರಡನೇ ವಯಸ್ಸಿನಿಂದ. ನಾನು ನನ್ನ ಹಾಳೆಯಲ್ಲಿದ್ದ ಪ್ರಶ್ನೆ ಕೇಳಿದೆ: ಯಾವಾಗ ಸೇದಬೇಕು ಅನ್ನಿಸುತ್ತದೆ? ಬೇಸರವಾದಾಗ, ಊಟವಾದ ಮೇಲೆ, ಗೆಳೆಯರ ಜೊತೆ ಇದ್ದಾಗ, ಹೀಗೆ ನಾಲ್ಕು ಉತ್ತರಗಳಿದ್ದವು, ಒಂದಕ್ಕೆ ಗುರುತು ಹಾಕಬೇಕು. ಅವರು ಯೋಚಿಸಿ ಹೇಳಿದ್ದು ಆ ನಾಲ್ಕರಲ್ಲಿ ಇರಲಿಲ್ಲ.

"ಕೂರಬೇಕು ಅನ್ನಿಸ್ದಾಗ ಕಣವ್ವ. ಮಿಲ್ಲಲ್ಲಿ ಸುಮ್ನೆ ಕೂತ್ರೆ ಮೇಸ್ತ್ರಿ ಬೈತಾನೆ. ಬೀಡಿ ಹಚ್ಕೊಂಡು ಕೂತ್ರೆ ಯಾರೂ ಏನೂ ಅನ್ನಲ್ಲ. ಬೀಡಿ ಮುಗಿಯೋ ತಂಕ ಕೂರಬೋದು. ಸೇದದೋನು ಒಬ್ಬ ಅವ್ನೆ ನಮ್ಮಲ್ಲಿ, ಮಾರೇಶ ಅಂತ. ಪಾಪ, ಅವನು ಬೆಳಗಿಂದ ಸಂಜೆ ತಂಕ ನಿಂತೇ ಇರ್ತಾನೆ."

ನಾನು ಹಾಳೆಯಲ್ಲಿದ್ದದ್ದನ್ನೇ ಹೇಳಿದೆ. ಗಮ್ ಅಗಿಯಿರಿ, ನೀರು ಕುಡಿಯಿರಿ, ಗಮನ ಬೇರೆ ಕಡೆ ತಿರುಗಿಸಿ. ಅವರು ಒಂದು ಗಮ್ ಬಾಯಿಗೆ ಹಾಕಿಕೊಂಡು, "ಎಮ್ಮೆ ಮೆಲುಕು ಹಾಕ್ದಂಗಾಯ್ತು," ಎಂದರು.

ಓಬಕ್ಕ ಮಾತ್ರ ನನ್ನ ಪ್ರತಿ ಮಾತನ್ನೂ ಬಾಯಿ ತೆರೆದು ಕೇಳುತ್ತಿದ್ದಳು. ಕೊನೆಗೆ ಕೇಳಿದಳು: "ಬಿಟ್ರೆ ಉಳೀತಾರಾ?"

ಬಿಟ್ಟರೆ ಉಳಿಯುವುದು ಹೆಚ್ಚು, ಆದರೆ ಖಂಡಿತ ಎಂದು ಯಾರೂ ಹೇಳಲಾರರು, ಮಾತ್ರೆ ತಪ್ಪಿಸಬಾರದು, ಭಾರ ಎತ್ತಬಾರದು. ಇಷ್ಟು ಹೇಳಬೇಕಿತ್ತು. ಅವಳ ಮುಖ ನೋಡಿ ನನ್ನ ಬಾಯಿಂದ "ಹ್ಞೂಂ" ಅಷ್ಟೇ ಬಂತು.

ಅವಳು ಎದ್ದು ಗಂಡನ ಅಂಗಿಯ ಜೇಬಿನಿಂದ ಅರ್ಧ ಉಳಿದ ಬೀಡಿ ಕಟ್ಟು ತೆಗೆದಳು. ಅದನ್ನು ನನ್ನ ಅಂಗೈ ಮೇಲಿಟ್ಟು, ಅದರ ಮೇಲೆ ಗಂಡನ ಕೈ ಎಳೆದು ಇಟ್ಟಳು. "ಭಾಷೆ ಕೊಡಿ. ನಂಗೆ ನೂರು ಸಲ ಕೊಟ್ಟಿದೀರಿ, ನಾನು ಹೆಂಡ್ತಿ, ಲೆಕ್ಕಕ್ಕಿಲ್ಲ. ಈ ಮಗೀಗೆ ಕೊಡಿ. ಪರರ ಮನೆ ಹೆಣ್ಮಗಳ ಕೈಗೆ ಕೊಟ್ಟು ತಪ್ಪಬಾರ್ದು."

ಅವರ ಅಂಗೈ ಒರಟಾಗಿ, ಬೆಚ್ಚಗಿತ್ತು. ಅವರು ನಗುವುದನ್ನು ನಿಲ್ಲಿಸಿದ್ದರು. "ಕೊಟ್ಟೆ," ಎಂದರು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಖಡಕ್ಕಾಗಿ ಹೇಳಿದರು: ಮೂರು ತಿಂಗಳು ಮೂಟೆ ಮುಟ್ಟಬಾರದು. ಮೂರು ತಿಂಗಳಾದ ಮೇಲೆ ಬಂದು ತೋರಿಸಿ, ನೋಡಿ ಹೇಳುತ್ತೇನೆ.

ಆ ಬೀಡಿ ಕಟ್ಟನ್ನು ನಾನು ಕಸದ ಬುಟ್ಟಿಗೆ ಹಾಕಬೇಕಿತ್ತು. ರೂಮಿಗೆ ತಂದು ಟ್ರಂಕಿನಲ್ಲಿ ಡೈರಿಗಳ ಪಕ್ಕ ಇಟ್ಟೆ.

ವಾರದ ಫೋನಿನಲ್ಲಿ "ಬಿಟ್ಟೀವ್ನಿ ಕಣವ್ವ" ಎಂದರು. ತಿಂಗಳ ಫೋನಿನಲ್ಲೂ ಅದೇ. ಓಬಕ್ಕ ಪಕ್ಕದಿಂದ ಫೋನು ಕಿತ್ತುಕೊಂಡು, "ಮುಟ್ಟಿಲ್ಲ ಕಣವ್ವ, ನಿನ್ನ ಬಾಯಿಗೆ ಸಕ್ರೆ ಹಾಕ," ಎಂದಳು. "ಮನೇಲಿ ಕೂತು ಕೂತು ನನ್ನ ತಲೆ ತಿಂತಾವ್ರೆ. ಮೆಣಸಿನ್ಕಾಯಿ ತೊಟ್ಟು ಬಿಡಿಸ್ತಾರೆ, ಅಕ್ಕಿ ಆರಿಸ್ತಾರೆ. ನಾನು ಗಂಡ್ಸು, ಅವ್ರು ಹೆಂಗ್ಸು ಆಗೈತೆ." ಹಿಂದಿನಿಂದ ಅವರು ಏನೋ ಗೊಣಗಿದ್ದು, ಇಬ್ಬರೂ ನಕ್ಕದ್ದು ಕೇಳಿಸಿತು.

ಮೂರನೇ ತಿಂಗಳ ಊದಿಸುವಿಕೆಗೆ ಮೊದಲಿನ ಭಾನುವಾರ ನಾನು ರಾಯದುರ್ಗಕ್ಕೆ ಹೋಗಿದ್ದೆ. ಅಪ್ಪ ಜೀನ್ಸ್ ಹೊಲಿಯುವವರಿಗೆ ದಾರ, ಗುಂಡಿ, ಜಿಪ್ಪು ಮಾರುತ್ತಾರೆ. ಎರಡು ವರ್ಷದ ಹಿಂದೆ ಅಪ್ಪನ ಎದೆಗೆ ಸ್ಟೆಂಟ್ ಹಾಕಿದರು. ಅವತ್ತಿನಿಂದ ಅಪ್ಪ ಬೀಡಿ ಬಿಟ್ಟಿದ್ದಾರೆ ಎಂದು ಅಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅವತ್ತೂ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ನಮ್ಮನಿಯವ್ರು ಮನಸು ಮಾಡಿದ್ರಂದ್ರ ಮಾಡಿದ್ರುರಿ. ಒಂದ ದಿನ ಮುಟ್ಟಿಲ್ಲ."

ಸಂಜೆ ಅಪ್ಪ ಸ್ಕೂಟರಿನಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಹಿಂದೆ ಕೂತಿದ್ದ ನನಗೆ ಅವರ ಕಾಲರಿನಿಂದ ಆ ವಾಸನೆ ಬಂತು. ಚಿಕ್ಕವಳಿದ್ದಾಗ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅಮ್ಮ ಬರುತ್ತಾಳೇನೋ ಎಂದು ನಾನು ಕಾವಲು ಕಾಯುತ್ತಿದ್ದೆ, ಮೇಲೆ ಅಪ್ಪ ಸೇದುತ್ತಿದ್ದರು. ಆಮೇಲೆ ಇಬ್ಬರೂ ಏಲಕ್ಕಿ ಅಗಿಯುತ್ತ ಇಳಿದು ಬರುತ್ತಿದ್ದೆವು. ನನಗೆ ಅಪ್ಪ ಪೂರ್ತಿ ನನ್ನವರಾಗಿ ಸಿಗುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ.

ಬಸ್ಸು ಹತ್ತುವಾಗ ನಾನು ಅವರ ಮುಖ ನೋಡಿದೆ. ಅವರಿಗೆ ತಿಳಿಯಿತು.

"ಒಂದ ಒಂದವಾ. ಯಾವಾಗರ," ಎಂದರು. "ನಿಮ್ಮವ್ವಗ ಹೇಳಬ್ಯಾಡ."

"ಇಲ್ಲಪ್ಪಾ," ಎಂದೆ. ನಾನು ಹೇಳಬೇಕಾದವಳು. ಅದನ್ನು ಹೇಳುವುದಕ್ಕೆಂದೇ ಟ್ರೈನಿಂಗ್ ಪಡೆದವಳು. ಕಿಟಕಿಯ ಪಕ್ಕ ಕೂತು ಕಲ್ಯಾಣದುರ್ಗ ದಾಟುವವರೆಗೂ ಹೊರಗೆ ನೋಡುತ್ತಿದ್ದೆ.

ಆ ವಾರವೇ ಬುಧವಾರ ಸಣ್ಣತಿಮ್ಮಪ್ಪ, ಓಬಕ್ಕ ಬಂದರು. ಹೊರರೋಗಿಗಳ ಕಡೆ ಡಾಕ್ಟರಿಗೆ ದೊಡ್ಡ ಸಾಲಿತ್ತು. ಅಷ್ಟರಲ್ಲಿ ನನ್ನದು ಮುಗಿಸಿಬಿಡೋಣ ಎಂದು ಅವರನ್ನು ನನ್ನ ಮೂಲೆಗೆ ಕರೆದೆ. ಹಳೆಯ ಬೆಡ್‌ಶೀಟೊಂದನ್ನು ಪರದೆ ಮಾಡಿದ ಜಾಗ. ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕೆಂದು ನಿಯಮ. ಓಬಕ್ಕ ಪರದೆಯಾಚೆ ನಿಂತಳು. ಅವಳ ಪಾದಗಳು ಕಾಣುತ್ತಿದ್ದವು. ಅವತ್ತು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು.

ಅವರು ಕುರ್ಚಿಯಲ್ಲಿ ಕೂರುವ ಮೊದಲೇ ನನಗೆ ಗೊತ್ತಾಯಿತು. ಏಲಕ್ಕಿಯ ವಾಸನೆ, ಅದರ ಕೆಳಗೆ ಇನ್ನೊಂದು.

ಊದಿದರು. ಹತ್ತೊಂಬತ್ತು.

ಇಬ್ಬರೂ ಆ ನಂಬರನ್ನು ನೋಡಿದೆವು. ಅವರು ಓದು ಬಾರದವರು, ಆದರೆ ಮೂಟೆಯ ಮೇಲಿನ ನಂಬರು ನೋಡಿ ನೋಡಿ ಅಂಕಿ ಕಲಿತವರು.

"ನಲವತ್ತು ದಿನ ನಿಜವಾಗ್ಲೂ ಬಿಟ್ಟಿದ್ದೆ," ಎಂದು ಪಿಸುಗುಟ್ಟಿದರು. "ನಿನ್ನ ಕೈ ಆಣೆ. ಆಮೇಲೆ ಒಂದಿನ ಮಿಲ್ ಕಡೆ ಹೋದೆ. ಎಲ್ರೂ ಹಚ್ಕೊಂಡು ಕೂತಿದ್ರು. ನಾನೊಬ್ಬ ನಿಂತಿದ್ದೆ." ಪರದೆಯ ಕಡೆ ನೋಡಿದರು. "ಅವಳಿಗೆ ಹೇಳ್ಬ್ಯಾಡವ್ವ. ಊರೆಲ್ಲ ಹೇಳ್ಕೊಂಡು ಬಂದವ್ಳೆ, ನನ್ನ ಗಂಡ ಮಾತಿಗೆ ನಿಂತ ಅಂತ. ಮೂವತ್ತು ವರ್ಷದಾಗೆ ನನ್ನ ಬಗ್ಗೆ ಹೇಳ್ಕೊಳ್ಳಾಕೆ ಅವಳಿಗೆ ಸಿಕ್ಕಿರೋದು ಇದೊಂದೇ."

ಪರದೆಯಾಚೆಯಿಂದ ಕೂಗು ಬಂತು. "ಎಷ್ಟು ಬಂತವ್ವ?"

ನಾನು ಏನು ಮಾಡಿದೆನೋ ಅದನ್ನು ಯೋಚಿಸಿ ಮಾಡಲಿಲ್ಲ. ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಅವರ ಕೊಳವೆ ಕಿತ್ತು, ಹೊಸದು ಸಿಕ್ಕಿಸಿ, ಉಸಿರು ಬಿಗಿಹಿಡಿದು ಹದಿನೈದು ಎಣಿಸಿ, ನಾನೇ ಊದಿದೆ. ಸಣ್ಣತಿಮ್ಮಪ್ಪ ನನ್ನನ್ನೇ ನೋಡುತ್ತಿದ್ದರು. ಹಸಿರು ದೀಪ ಹತ್ತಿಕೊಂಡಿತು. ಎರಡು.

ಪರದೆ ಸರಿಸಿ ಮೆಷಿನ್ನನ್ನು ಓಬಕ್ಕನಿಗೆ ತೋರಿಸಿದೆ. ಅವಳು ನನ್ನ ಗಲ್ಲ ಸವರಿ ತನ್ನ ಹಣೆಗೆ ಬೆರಳು ಮುರಿದುಕೊಂಡಳು. ಲಟಲಟ ಎಂದು ನೆಟಿಗೆ ಬಿದ್ದವು. "ಒಂದು ಚೀಟೀಲಿ ಬರ್ಕೊಡವ್ವ. ದೇವ್ರ ಪಟದತ್ರ ಇಡ್ತೀನಿ. ಇವರಣ್ಣಂಗೆ ತೋರಿಸ್ಬೇಕು, ಬಿಡಲ್ಲ ಬಿಡಲ್ಲ ಅಂತ ನಗಾಡ್ತಿದ್ದ." ನಾನು ಚೀಟಿಯಲ್ಲಿ ತಾರೀಖು ಹಾಕಿ, 2 ಎಂದು ಬರೆದು, ಸಹಿ ಮಾಡಿ ಕೊಟ್ಟೆ. ನನ್ನ ಅಕ್ಷರ ಯಾವಾಗಲೂ ಚೆನ್ನಾಗಿರುತ್ತದೆ.

ಸಾಲು ಇನ್ನೂ ಉದ್ದಕ್ಕೇ ಇತ್ತು. ರೊಳ್ಳದ ಬಸ್ಸಿನ ಹೊತ್ತಾಗಿತ್ತು. ಹೊರಡುವ ಮುಂಚೆ ಓಬಕ್ಕ ಕೇಳಿದಳು, "ಎರಡು ಬಂದೈತೆ ಅಂದ್ಮೇಲೆ ಎಲ್ಲ ಸರಿ ಹೋಗೈತೆ ಅಲ್ವಾ? ಇನ್ನು ಮೂಟೆ ಹೊರಬೋದಾ?"

"ಡಾಕ್ಟರಿಗೆ ತೋರಿಸಿಯೇ ಹೋಗ್ರಿ," ಎಂದೆ. ಎಂದೆನೇ? ಎಂದೆ. ಎಷ್ಟು ಗಟ್ಟಿಯಾಗಿ ಎಂದೆ ಎನ್ನುವುದು ಬೇರೆ. ಸಾಲಿನಲ್ಲಿ ಒಂದು ಮಗು ಅಳುತ್ತಿತ್ತು. ಅವಳು ತಲೆಯಾಡಿಸಿ, ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಕೈ ಹಿಡಿದು ನಡೆದಳು. ಗೇಟಿನ ಹತ್ತಿರ ಅವರು ಒಮ್ಮೆ ತಿರುಗಿ ನೋಡಿದರು. ಸಾಲು ಮುಗಿಯುವವರೆಗೆ ನಾನು ಕಾದು, ಡಾಕ್ಟರ ಹತ್ತಿರ ಹೋಗಿ, ಹತ್ತೊಂಬತ್ತು ಎಂದು ಒಂದು ಮಾತು ಹೇಳಬಹುದಿತ್ತು. ಅದರ ಬದಲು ಪ್ರಾಜೆಕ್ಟಿನ ಟ್ಯಾಬ್‌ನಲ್ಲಿ 'ಬಿಟ್ಟಿದ್ದಾರೆ' ಎಂಬ ಕಡೆ ಒತ್ತಿದೆ. ಮಾರನೆಯ ದಿನ ವಾಗೀಶ್ ಸರ್ ಫೋನು ಮಾಡಿ, "ಎಮರ್ಜೆನ್ಸಿಯಿಂದ ಬಂದು ಮೂರು ತಿಂಗಳು ನಿಲ್ಲಿಸೋದಂದ್ರೆ ಸಣ್ಣ ಮಾತಲ್ಲ ರೇಖಾ," ಎಂದು ಹೊಗಳಿದರು.

ಏಪ್ರಿಲ್ ಕೊನೆಯ ವಾರ. ಬಿಸಿಲು ಬೆಳಗ್ಗೆ ಎಂಟಕ್ಕೇ ಕಣ್ಣಿಗೆ ಹೊಡೆಯುತ್ತಿತ್ತು. ವಾರ್ಡಿಗೆ ಬಂದು ಚೀಲ ಇಡುವಷ್ಟರಲ್ಲಿ ಫೋನು. ಓಬಕ್ಕನ ನಂಬರು.

"ಅವ್ವಾ," ಎಂದಳು. ಅಳು ಇರಲಿಲ್ಲ; ದನಿ ಮರದ ತುಂಡಿನ ಹಾಗಿತ್ತು. "ನಮ್ಮೋರು ಹೋದ್ರು. ಮೊನ್ನೆ. ಮಿಲ್ ಹತ್ರ ಹುಣಸೆಹಣ್ಣಿನ ಮೂಟೆ ಲಾರಿಗೆ ತುಂಬ್ತಿದ್ರು. ಹಲಗೆ ಮೇಲಿಂದ ಹಂಗೇ ಬಿದ್ರು. ಆಸ್ಪತ್ರೆಗೆ ತರಾಕೂ ಆಗ್ಲಿಲ್ಲ."

ಇಡಬೇಕೆಂದಿದ್ದ ಚೀಲವನ್ನು ಮತ್ತೆ ಹೆಗಲಿಗೇ ಹಾಕಿಕೊಂಡೆ.

"ಇವತ್ತು ಹಾಲು-ತುಪ್ಪ. ನೀನು ಬಾ. ಬೀಡಿ ಬಿಡಿಸಿ ಬಿಡಿಸಿ ಕೊಂದೆ ಅಂತಾವ್ರೆ ನನ್ನ. ಸೇದೋ ಮೈಗೆ ಸೇದಾಕೆ ಕೊಡ್ದೆ ಕೊಂದೆ ಅಂತಾವ್ರೆ. ಮಣ್ಣು ಮಾಡಿದ ಗುಡ್ಡೆ ಹತ್ರ ಹೋಗಾಕೆ ಬಿಡಲ್ವಂತೆ. ನೀನು ಓದಿದೋಳು. ಬಂದು ಒಂದು ಮಾತು ಹೇಳು."

ಮೀನಾಕ್ಷಕ್ಕನಿಗೆ ಹೇಳಿದೆ. ಅವರು ಡ್ರಿಪ್ ಬದಲಿಸುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಹೋಗಿ ಬಾ. ಬೀಡಿ ಬಿಟ್ರೆ ಯಾರೂ ಸಾಯಲ್ಲ, ಸೇದಿದ್ದಕ್ಕೆ ಸಾಯೋದು ಅಂತ ಹೇಳು. ಗಟ್ಟಿಯಾಗಿ ಹೇಳು, ಗೊತ್ತಾಯ್ತಾ?" ಅವರಿಗೆ ಆ ಎರಡರ ಕಥೆ ಗೊತ್ತಿರಲಿಲ್ಲ. ವಾಗೀಶ್ ಸರಿಗೆ ಫೋನು ಮಾಡಿದೆ. "ಡೆತ್ ಆದ್ರೆ ಫೋನಲ್ಲೇ ಕೇಳಿ ಫಾರಂ ಕ್ಲೋಸ್ ಮಾಡು, ಹೋಗೋ ಅಗತ್ಯ ಇಲ್ಲ," ಎಂದರು. ನಾನು ಹೊರಟೆ.

ಹಳ್ಳಿಗಳಿಗೆ ಹೋಗುವ ಪಲ್ಲೆವೆಲುಗು ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಕೂತೆ. ಬೀಡಿ ಬಿಟ್ಟದ್ದರಿಂದ ಹೃದಯ ನಿಲ್ಲುವುದಿಲ್ಲ. ಇದು ಸತ್ಯ. ಇಷ್ಟು ಹೇಳಿದರೆ ಸಾಕು, ಯಾರಿಗೂ ನೋವಿಲ್ಲ, ಎಲ್ಲೂ ಸುಳ್ಳಿಲ್ಲ. ಓಬಕ್ಕನ ಗಂಡ ಮಾತಿಗೆ ನಿಂತವನಾಗಿಯೇ ಉಳಿಯುತ್ತಾನೆ. ನಾನು ಒಳ್ಳೆಯ ಅಕ್ಷರದ ಹುಡುಗಿಯಾಗಿಯೇ ಉಳಿಯುತ್ತೇನೆ. ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಕಿಟಕಿಯಿಂದ ಕೈ ಹೊರಗಿಟ್ಟು ಬೀಡಿ ಸೇದುತ್ತಿದ್ದ. ಹೊಗೆ ಹಿಂದಕ್ಕೆ ಬಂತು. ಮೊದಲ ಸಲ ನಾನು ಮೂಗು ಮುಚ್ಚಿಕೊಂಡೆ.

ರೊಳ್ಳದಲ್ಲಿ ಇಳಿದು, ರತ್ನಗಿರಿ ಕಡೆಯ ದಾರಿಯಲ್ಲಿ ಎರಡು ಫರ್ಲಾಂಗು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಜನ ನಿಂತಿದ್ದರು, ಹದಿನೈದಿಪ್ಪತ್ತು ಮಂದಿ. ಹೊಸ ಮಣ್ಣಿನ ಗುಡ್ಡೆ, ಮೇಲೆ ಒಣಗಿದ ಚೆಂಡುಹೂವು. ಎದುರು ಬಾಳೆಲೆ ಹಾಸಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದ್ದರು: ಮುದ್ದೆ, ಕೋಳಿ ಸಾರು, ಖಾರಾಸೇವೆ, ಒಂದು ಗಾಜಿನ ಲೋಟದಲ್ಲಿ ಟೀ. ಟೀಗೆ ಇರುವೆ ಬಂದಿದ್ದವು. ಹತ್ತು ಹೆಜ್ಜೆ ದೂರದಲ್ಲಿ, ಒಂದು ಚೊಂಬು ಹಾಲು ಹಿಡಿದುಕೊಂಡು ಓಬಕ್ಕ ಒಬ್ಬಳೇ ನಿಂತಿದ್ದಳು.

ಗುಡ್ಡೆಯ ಪಕ್ಕ ನಿಂತಿದ್ದ ದೊಡ್ಡ ಮೀಸೆಯ ಮನುಷ್ಯ ಸಣ್ಣತಿಮ್ಮಪ್ಪನವರ ಅಣ್ಣ ಎಂದು ನೋಡಿದ ಕೂಡಲೇ ತಿಳಿಯಿತು; ನರಸಿಂಹಪ್ಪ ಎಂಬ ಹೆಸರು ಆಮೇಲೆ ಗೊತ್ತಾಯಿತು. ಅದೇ ಹಣೆ, ಅದೇ ಅಗಲವಾದ ಅಂಗೈ. ಕೈಯಲ್ಲಿ ಹೊಸ ಬೀಡಿ ಕಟ್ಟು, ಬೆಂಕಿಪೊಟ್ಟಣ.

"ಬಂದ್ಲು ನೋಡು ಬೀಡಿ ಮೇಡಂ," ಎಂದು ಯಾರೋ ಅಂದರು.

ಓಬಕ್ಕ ನನ್ನ ಕಡೆ ಓಡಿ ಬಂದಳು. ಚೊಂಬಿನಿಂದ ಹಾಲು ತುಳುಕಿತು. "ಹೇಳವ್ವ ಇವರ್ಗೆ. ಎಲೆ ಮೇಲೆ ಬೀಡಿ ಇಡ್ತಾರಂತೆ. ಬಿಟ್ಟೋರಿಗೆ ಬೀಡಿ ಇಡ್ತಾರಾ ಯಾರಾದ್ರೂ? ಅವ್ರು ಭಾಷೆ ಕೊಟ್ಟೋರು. ಸಾಯೋ ತಂಕ ಉಳಿಸ್ಕೊಂಡೋರು."

"ಅದಕ್ಕೇ ಸತ್ತ," ಎಂದ ನರಸಿಂಹಪ್ಪ. ಕೂಗಲಿಲ್ಲ, ದಣಿದಿದ್ದ. "ನಲವತ್ತು ವರ್ಷ ಹೊಗೆ ಕುಡಿದ ಮೈ ಕಣಮ್ಮ. ಒಂದೇ ಸಲಕ್ಕೆ ಬೇರು ಕಿತ್ರೆ ಮರ ನಿಲ್ತದಾ? ನಮ್ಮಪ್ಪ ಎಂಬತ್ತು ವರ್ಷ ಸೇದಿ ಸತ್ತ. ನಾನು ಸೇದ್ತೀನಿ, ನಿಂತಿದೀನಿ ನೋಡು. ಬಿಟ್ಟೋನು ಇಲ್ಲಿ ಮಲಗವ್ನೆ."

"ಬಿಟ್ಟಿದ್ದಕ್ಕೆ ಸಾಯಲ್ರಿ," ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು. ಮಣ್ಣಿನೊಳಗೆ ಬಿದ್ದ ನೀರಿನ ಹಾಗೆ ಅದು ಅಲ್ಲೇ ಇಂಗಿಹೋಯಿತು.

"ಏನಂತಾಳೆ?"

"ಏನೋ ಅಂತಾಳಪ್ಪ. ಬಳ್ಳಾರಿ ಭಾಷೆ."

ಒಬ್ಬಿಬ್ಬರು ನಕ್ಕರು. ನರಸಿಂಹಪ್ಪ ನಗಲಿಲ್ಲ. "ನಿಂದು ತಪ್ಪಿಲ್ಲ ಬಿಡಮ್ಮ, ನಿಂಗೆ ಹೇಳ್ಕೊಟ್ಟಿದ್ದು ನೀನು ಹೇಳ್ದೆ. ಇವಳು ಹಿಡಿದ ಹಟ. ಕೊನೇಗೆ ಹಲಗೆ ಮೇಲೆ ಬಿದ್ದಾಗ್ಲೂ ಒಂದು ದಮ್ಮು ಬೀಡಿ ಸಿಗದೆ ಹೋದ ನನ್ನ ತಮ್ಮ. ಆ ಕೈಯಾಗೆ ಹಾಲು ಹುಯ್ಯಂಗಿಲ್ಲ. ನಾನು ಹುಯ್ತೀನಿ, ಬೀಡಿ ಇಡ್ತೀನಿ. ಕಾರ್ಯ ಮುಗೀಲಿ, ಅವಳು ತವರಿಗೆ ಹೋಗ್ಲಿ."

ಆಗ ಓಬಕ್ಕ ಚೊಂಬನ್ನು ನೆಲಕ್ಕಿಟ್ಟು ಸೊಂಟದಿಂದ ಚೀಟಿ ತೆಗೆದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಳು. ಮೂಲೆಯಲ್ಲಿ ಕುಂಕುಮ ಅಂಟಿತ್ತು.

"ಓದು ಭಾವ. ಎರಡು. ಇಪ್ಪತ್ತಮೂರು ಇದ್ದದ್ದು ಎರಡು ಮಾಡ್ಕೊಂಡಿದ್ರು. ಅವ್ರ ಎದೆ ತೊಳೆದಂಗೆ ಇತ್ತು. ಮೆಷಿನ್ ಸುಳ್ಳು ಹೇಳ್ತದಾ? ಎಲ್ಲ ಸರಿ ಹೋಯ್ತು ಅಂತ ನಾನೇ ಕಳಿಸ್ದೆ ಕೆಲಸಕ್ಕೆ..." ಅಲ್ಲಿಗೆ ಅವಳ ದನಿ ಮುರಿಯಿತು. ಮತ್ತೆ ಎತ್ತಿಕೊಂಡಳು. "ಸರಿಯಾಗೇ ಇದ್ರು. ಹಣೆಬರ. ಆದ್ರೆ ಮಾತಿಗೆ ನಿಂತಿದ್ರು."

ನರಸಿಂಹಪ್ಪ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಸುತ್ತ ನಿಂತವರಿಗೆ ತೋರಿಸಿದ. "ನೋಡ್ರಪ್ಪಾ, ಬರ್ದೇ ಕೊಟ್ಟವ್ರೆ. ಇವಳೇ ತಂದು ಕೊಟ್ಲು ಸಾಕ್ಷಿ. ಇಪ್ಪತ್ತಮೂರಿಂದ ಎರಡಕ್ಕೆ ಇಳಿಸವ್ರೆ. ಯಾವ ಮೈ ತಡೀತದೆ?"

ಜನ ತಲೆದೂಗಿದರು. ಮುಖಗಳು ಓಬಕ್ಕನ ಕಡೆ ತಿರುಗಿದವು. ಅವಳಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ತಾನು ಆಸೆಯಿಂದ ತಂದದ್ದು ಅವರ ಕೈಯಲ್ಲಿ ಹೇಗೆ ಬೇರೆಯಾಯಿತು ಎಂದು ಚೀಟಿಯನ್ನೂ ಅವರನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಗುಂಪಿನ ಹಿಂದೆ ತೆಳ್ಳನೆಯ ಒಬ್ಬ ಹುಡುಗ, ಕಿವಿಯ ಪಕ್ಕ ಹುಣಸೆ ಧೂಳು ಇನ್ನೂ ಇದ್ದವನು, ನೆಲ ನೋಡುತ್ತ ನಿಂತಿದ್ದ. ಅವನ ಪಕ್ಕ ಒಂದಿಬ್ಬರು ಬದುವಿನ ಮೇಲೆ ಕೂತು ಬೀಡಿ ಹಚ್ಚಿಕೊಂಡಿದ್ದರು, ಅವನು ಮಾತ್ರ ನಿಂತೇ ಇದ್ದ. ಅವನೇ ಮಾರೇಶನಿರಬೇಕು. ಅವನಿಗೂ ಗೊತ್ತಿತ್ತು. ಮಿಲ್ಲಿನಲ್ಲಿ ಯಾರು ಕೂತರು, ಯಾರು ಹಚ್ಚಿದರು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನೂ ನನ್ನ ಹಾಗೇ ಬಾಯಿ ಮುಚ್ಚಿಕೊಂಡಿದ್ದ.

ಹೇಳಿದರೆ ಅವಳ ಬಳಿ ಏನು ಉಳಿಯುತ್ತದೆ? ಗಂಡ ಹೋದ. ಗಂಡನ ಮಾತೂ ಹೋಗುತ್ತದೆ. ಮೂವತ್ತು ವರ್ಷದಲ್ಲಿ ಹೇಳಿಕೊಳ್ಳಲು ಸಿಕ್ಕ ಅದೊಂದೂ ಹೋಗುತ್ತದೆ. ಆ ಎರಡನ್ನು ನಂಬಿ ತಾನೇ ಅವರನ್ನು ಮೂಟೆಗೆ ಕಳಿಸಿದ್ದು ಎನ್ನುವುದು ಉಳಿಯುತ್ತದೆ. ಆ ಎರಡು ಎಲ್ಲಿಂದ ಬಂತು ಎನ್ನುವುದೂ. ಹೇಳದಿದ್ದರೆ ಗಂಡನನ್ನು ಕೊಂದವಳು ಎಂದು ಕರೆಸಿಕೊಂಡು, ಹಾಲೆರೆಯದೆ, ಅವಳು ಈ ಬದುವನ್ನು ಬಿಟ್ಟು ಹೋಗುತ್ತಾಳೆ. ಬಿಸಿಲು ನೆತ್ತಿಗೆ ಬಂದಿತ್ತು. ಚೊಂಬಿನ ಹಾಲಿನ ಮೇಲೆ ಒಂದು ನೊಣ ಕೂತಿತ್ತು. ಅದನ್ನು ಓಡಿಸಬೇಕು ಎಂದು ಮಾತ್ರ ನನಗೆ ಅನ್ನಿಸುತ್ತಿತ್ತು.

ನರಸಿಂಹಪ್ಪ ಬೀಡಿ ಕಟ್ಟಿನ ಕಾಗದ ಹರಿದ. ಎರಡು ಬೀಡಿ ಎಳೆದು ಎಲೆಯ ತುದಿಯಲ್ಲಿ ಇಡಲು ಬಗ್ಗಿದ. ಓಬಕ್ಕ ಅವನ ಕೈ ಹಿಡಿದುಕೊಂಡಳು. ಯಾರೋ ಹೆಂಗಸು ಅವಳ ತೋಳು ಹಿಡಿದು ಹಿಂದಕ್ಕೆ ಎಳೆದಳು. ಬಳೆ ಒಡೆದ ಓಬಕ್ಕನ ಮಣಿಕಟ್ಟಿನಲ್ಲಿ ಗಾಯವಿತ್ತು.

"ನಾನು..." ಎಂದೆ.

ಯಾರಿಗೂ ಕೇಳಿಸಲಿಲ್ಲ.

"ಒಂದ ನಿಮಿಷ ನಿಂದರ್ರಿ," ಎಂದೆ. ನರಸಿಂಹಪ್ಪ ಬಗ್ಗಿದ್ದವನು ತಲೆಯೆತ್ತಿದ.

"ಅದೇನು ಹೇಳ್ತೀಯೋ ಗಟ್ಟಿಯಾಗಿ ಹೇಳಮ್ಮ. ಸತ್ತೋನಿಗೂ ಕೇಳಿಸ್ಲಿ."

ನಾನು ಹೋಗಿ ಅವನ ಕೈಯಿಂದ ಚೀಟಿ ತೆಗೆದುಕೊಂಡೆ. ನನ್ನ ಅಕ್ಷರ, ನನ್ನ ಸಹಿ. ಓಬಕ್ಕನ ಮುಖ ನೋಡಿಯೇ ಹೇಳಬೇಕು ಎಂದುಕೊಂಡೆ, ನೋಡಿದೆ. ಅವಳ ಕಣ್ಣಿನಲ್ಲಿ ಇನ್ನೂ ನಂಬಿಕೆ ಇತ್ತು.

"ಈ ಎರಡು ಅವರದ್ದಲ್ರಿ. ಅವರು ಊದಿದಾಗ ಹತ್ತೊಂಬತ್ತು ಬಂದಿತ್ತು. ಇದನ್ನ ಊದಿದಾಕಿ ನಾನು."